ಕೌದಿಯ ಸುಕ್ಕು: ಒತ್ತುವುದೋ, ಎತ್ತುವುದೋ?

ಕೌದಿಯ ಮೇಲಿನ ಸುಕ್ಕಿನ ವಿಷಯವಾಗಿ ಸ್ಮರಣ ಸಂಚಿಕೆಯ ಇಷ್ಟು ಪುಟಗಳನ್ನು ವ್ಯಯಮಾಡುವುದು ಯುಕ್ತವೇ ಎಂದು ನಮ್ಮ ಹಿರಿಯ ವಿದ್ಯಾರ್ಥಿನಿಯರೂ ಪೋಷಕರೂ ಕೇಳಬಹುದು. ಪ್ರಶ್ನೆಯು ನ್ಯಾಯವಾದದ್ದೇ. ಪರೀಕ್ಷೆಯ ಫಲಿತಾಂಶ, ಆಟೋಟ, ವಾರ್ಷಿಕೋತ್ಸವ ಇವುಗಳ ವರದಿಗಳ ಮುಂದೆ ಇದು ಅಲ್ಪ ವಿಷಯವಾಗಿ ತೋರುವುದು ಸಹಜ. ಆದರೆ ಶಾಲೆಯ ಕೈಗೆಲಸದ ಪ್ರದರ್ಶನದಲ್ಲಿ ಎಂಥಾ ಕೌದಿಗೆ ಬಹುಮಾನ ಕೊಡತಕ್ಕದ್ದೆಂಬ ವಿಚಾರವು ಈಚೆಗೆ ಪೋಷಕರಲ್ಲಿಯೂ ಉಪಾಧ್ಯಾಯಿನಿಯರಲ್ಲಿಯೂ ಭಿನ್ನಾಭಿಪ್ರಾಯವನ್ನುಂಟುಮಾಡಿದೆ. ಆ ಭಿನ್ನಾಭಿಪ್ರಾಯದ ಬುಡವನ್ನು ಹುಡುಕಿದರೆ ಅಲ್ಲಿ ಸಿಕ್ಕುವುದು ಅಂಟಿಸಿದ ಬಟ್ಟೆಯ ಒಂದು ಸುಕ್ಕೇ. ಆದುದರಿಂದ ನಮ್ಮ ಅಭಿಪ್ರಾಯವನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡುತ್ತೇವೆ. ಸುಕ್ಕನ್ನು ಒತ್ತಿ ಮುಚ್ಚಬಾರದು, ಎತ್ತಿ ಸರಿಪಡಿಸಬೇಕು. ಮತ್ತು ಯಾವ ಕೌದಿಯನ್ನೂ ಒಂದು ಸಲ ಒಗೆಯದೆ ಅದರ ಗುಣವನ್ನು ತೀರ್ಮಾನಿಸಬಾರದು.

ಕೌದಿಯೆಂದರೇನೆಂದು ಈ ಸೀಮೆಯವರಿಗೆ ಹೇಳಬೇಕಾದ ಅಗತ್ಯವಿಲ್ಲ. ಬಳ್ಳಾರಿ ಪಟ್ಟಣದ ಓಣಿಗಳಲ್ಲಿಯಾಗಲಿ, ತುಂಗಭದ್ರೆಯ ನೀರುಂಡು ಭತ್ತ ಬೆಳೆಯುವ ಸಿರುಗುಪ್ಪದ ಕಡೆಯಲ್ಲಿಯಾಗಲಿ, ದೊಡ್ಡಬಸವೇಶ್ವರನ ಗುಡಿಯಿಂದ ಹೆಸರಾದ ಕುರುಗೋಡಿನ ಸುತ್ತಿನ ಎರೆಭೂಮಿಯ ಹಳ್ಳಿಗಳಲ್ಲಿಯಾಗಲಿ, ಹಳೆಯ ಸೀರೆ ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಉದ್ದಕ್ಕೂ ಸಾಲು ಹೊಲಿಗೆ ಹಾಕಿ ಮಾಡಿದ ಕೌದಿಯನ್ನು ಕಾಣದ ಮಗು ಅಪರೂಪ. ಹುಟ್ಟಿದ ಕೂಸನ್ನು ಮಲಗಿಸುವುದು ಅದರ ಮೇಲೆಯೇ. ಪುಷ್ಯಮಾಸದ ಚಳಿಯಲ್ಲಿ ಮುದುಕರು ಹೊದೆಯುವುದೂ ಅದನ್ನೇ. ಅಜ್ಜಿಯ ಸೀರೆಯೂ ಅವ್ವನ ಕುಪ್ಪಸವೂ ಮಗುವಿನ ಅಂಗಿಯೂ ಒಂದೇ ಹಾಸಿಗೆಯಲ್ಲಿ ಸೇರುವುದರಿಂದ ಅದು ಮನೆತನದ ಒಂದು ದಾಖಲೆಯೂ ಆಗಿರುತ್ತದೆ. ಇಂಥಾ ಕೌದಿಯನ್ನು ಹೊಲಿಗೆಯ ತರಗತಿಯಲ್ಲಿ ಕಲಿಸುವುದು ಯೋಗ್ಯವೆಂದು ನಾವು ಭಾವಿಸಿ ನಡೆಸಿಕೊಂಡು ಬಂದಿದ್ದೇವೆ.

ಹೀಗಿರಲಾಗಿ, ಪೇಟೆಯಲ್ಲಿ ಫ್ಯೂಸಿಂಗ್ ಎಂಬ ಹೆಸರಿನಿಂದ ಮಾರುವ ಅಂಟುಬಟ್ಟೆಯು ನಮ್ಮ ಹುಡುಗಿಯರ ಹೊಲಿಗೆಯ ಪೆಟ್ಟಿಗೆಯೊಳಗೂ ಬಂದಿದೆ. ದರ್ಜಿಗಳಿಗೆ ಇದು ಹೊಸದಲ್ಲ. ಅಂಗಿಯ ಕಾಲರು ನೆಟ್ಟಗೆ ನಿಲ್ಲುವಂತೆ ಒಳಗೆ ಸೇರಿಸುವ ನಡುಬಟ್ಟೆಯನ್ನು ಹೊಲಿಯುವ ಬದಲಾಗಿ ಬಿಸಿಯಿಂದ ಬೆಸೆಯುವ ಉಪಾಯವು 1930ರ ದಶಕದಲ್ಲಿಯೇ ಅಮೆರಿಕದಲ್ಲಿ ಬಳಕೆಗೆ ಬಂದಿತ್ತು. ಈಗಿನ ಅಂಟುಬಟ್ಟೆಯ ಒಂದು ಮೈಯಲ್ಲಿ ಪಾಲಿಅಮೈಡ್ ಮೊದಲಾದ ಕೃತಕ ಅಂಟಿನ ಸಣ್ಣ ಸಣ್ಣ ಕಾಳುಗಳಿರುತ್ತವೆ. ಬೆರಳಾಡಿಸಿದರೆ ಒರಟಾಗಿ ತಗಲುವ ಮೈಯೇ ಅಂಟಿನ ಮೈ. ಎರಡು ಮೈಗೂ ಅಂಟುವ, ಕಾಗದದ ಮೇಲೆ ಹರಡಿದ ತೆಳುವಾದ ಅಂಟುಬಲೆಯೂ ಸಿಕ್ಕುತ್ತದೆ. ಹೂವು, ಎಲೆ, ಹಕ್ಕಿಯ ಆಕಾರಗಳನ್ನು ಕತ್ತರಿಸಿ, ಈ ಬಲೆಯನ್ನು ನಡುವೆ ಇಟ್ಟು, ಇಸ್ತ್ರಿ ಪೆಟ್ಟಿಗೆಯನ್ನು ಒತ್ತಿದರೆ ಕೆಲವು ಕ್ಷಣಗಳಲ್ಲಿ ಚಿತ್ರವು ಕೌದಿಯ ಮೇಲೆ ಕೂತುಬಿಡುತ್ತದೆ. ಒಂದು ತಿಂಗಳ ಸೂಜಿಗೆಲಸವು ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ.

ಅವಸರದಲ್ಲಿ ಮುಗಿದದ್ದಕ್ಕೆ ಅದರದೇ ತೊಂದರೆಯುಂಟು. ಅಂಟಿಸಿದ ತುಂಡಿನ ನಡುವೆ ಸುಕ್ಕು ಬೀಳುತ್ತದೆ. ಹುಡುಗಿಯು ಹೆದರಿ ಇಸ್ತ್ರಿಯನ್ನು ಇನ್ನೂ ಬಿಸಿಮಾಡಿ ಇನ್ನೂ ಬಲವಾಗಿ ಒತ್ತುತ್ತಾಳೆ. ಸುಕ್ಕು ಚಪ್ಪಟೆಯಾಗಿ ಗೆರೆಯಂತೆ ಉಳಿಯುತ್ತದೆ. ಮನೆಯವರು ಅದರ ಮೇಲೆ ಒಂದು ಲೇಸನ್ನೋ ಚಮಕಿಯನ್ನೋ ಹೊಲಿಸಿ ಮರೆಮಾಡುತ್ತಾರೆ. ಅನುಕೂಲವಂತರು ದರ್ಜಿಯ ಅಂಗಡಿಗೆ ಕೊಟ್ಟು ಒಪ್ಪಮಾಡಿಸುತ್ತಾರೆ. ಪ್ರದರ್ಶನದ ದಿನ ಕೌದಿಯು ಗಂಜಿ ಹಾಕಿದ ಧೋತರದಂತೆ ಗರಿಗರಿಯಾಗಿ ತೂಗುತ್ತದೆ. ಆ ದಿನದ ಕಣ್ಣಿಗೆ ಅದರಲ್ಲಿ ಯಾವ ಕೊರತೆಯೂ ಇಲ್ಲ. ಮೊದಲನೆಯ ಸಲ ಒಗೆದಾಗಲೇ ಅದರ ನಿಜವು ಹೊರಕ್ಕೆ ಬರುತ್ತದೆ.

ಸುಕ್ಕು ಯಾಕೆ ಬೀಳುತ್ತದೆಂಬುದನ್ನು ತಿಳಿಯದೆ ಅದನ್ನು ತೆಗೆಯಲು ಹೊರಡುವುದು ರೋಗವನ್ನು ತಿಳಿಯದೆ ಔಷಧ ಕೊಟ್ಟಂತೆ. ಕಾರಣಗಳಲ್ಲಿ ಮುಖ್ಯವಾದದ್ದು ಬಟ್ಟೆಯ ಕುಗ್ಗುವಿಕೆ. ಮಗ್ಗದಲ್ಲಿಯೂ ಅನಂತರದ ಒಪ್ಪದ ಕೆಲಸದಲ್ಲಿಯೂ ಬಟ್ಟೆಯನ್ನು ಬಿಗಿಯಾಗಿ ಎಳೆದಿರುತ್ತಾರೆ. ನೀರು ತಗಲಿದೊಡನೆ ಎಳೆಗಳು ತಮ್ಮ ಸಹಜ ಸ್ಥಿತಿಗೆ ಹಿಂತಿರುಗುತ್ತವೆ. ಕೋರಾ ಹತ್ತಿಬಟ್ಟೆಯು ನೂರು ಸೆಂಟಿಮೀಟರಿಗೆ ಮೂರು ನಾಲ್ಕು ಸೆಂಟಿಮೀಟರು ಕುಗ್ಗುವುದು ಸಾಮಾನ್ಯ. ಈ ಕುಗ್ಗುವಿಕೆಯನ್ನು ಗಿರಣಿಯಲ್ಲಿಯೇ ಮುಗಿಸಿಬಿಡುವ ಯಂತ್ರಕ್ರಮವನ್ನು ಸ್ಯಾನ್‌ಫರ್ಡ್ ಕ್ಲೂಯೆಟ್ ಎಂಬ ಅಮೆರಿಕದವನು ಕಂಡುಹಿಡಿದು 1930ರಲ್ಲಿ ಹಕ್ಕುಪತ್ರ ಪಡೆದನು. ಅವನ ಹೆಸರಿನಿಂದಲೇ ಅದು ಸ್ಯಾನ್‌ಫರೈಸ್ ಎಂದು ಪ್ರಸಿದ್ಧವಾಯಿತು. ಆದರೆ ಪೇಟೆಯ ಎಲ್ಲಾ ಬಟ್ಟೆಯೂ ಆ ಸಂಸ್ಕಾರವನ್ನು ಪಡೆದದ್ದಲ್ಲ. ಕೆಳಗಿನ ಬಟ್ಟೆ ಹೊಸದು, ಮೇಲಿನ ತುಂಡು ಹತ್ತು ವರ್ಷ ಒಗೆದ ಸೀರೆಯದು ಎಂದಿಟ್ಟುಕೊಳ್ಳಿರಿ. ಕೆಳಗಿನದು ಮೂರು ಸೆಂಟಿಮೀಟರು ಕುಗ್ಗಿತು, ಮೇಲಿನದು ಕುಗ್ಗಲಿಲ್ಲ. ಮೇಲೆ ಉಳಿದ ಆ ಮೂರು ಸೆಂಟಿಮೀಟರು ಎಲ್ಲಿಗೆ ಹೋಗಬೇಕು? ಅದು ಸುಕ್ಕಾಗಿ ಏಳಲೇಬೇಕು. ಎಷ್ಟು ಒತ್ತಿದರೂ ಆ ಬಟ್ಟೆಗೆ ಹೋಗಲು ಬೇರೆ ಸ್ಥಳವಿಲ್ಲ.

ನಮ್ಮ ಶಾಲೆಯಲ್ಲಿ ಓದಿದವರಿಗೆ ಈ ಮಾತು ಹೊಸದಾಗಿ ತೋರಲಾರದು. ಹಳೆಯ ವಸ್ತ್ರಕ್ಕೆ ಒಗೆಯದ ಹೊಸಬಟ್ಟೆಯ ತೇಪೆ ಹಚ್ಚಬಾರದು, ಹಚ್ಚಿದರೆ ಹೊಸದು ಹಳೆಯದನ್ನು ಜಗ್ಗಿ ಹರಕು ದೊಡ್ಡದಾಗುವುದೆಂಬ ದೃಷ್ಟಾಂತವನ್ನು ಮತ್ತಾಯ ಮಾರ್ಕ ಸುವಾರ್ತೆಗಳೆರಡರಲ್ಲಿಯೂ ಅವರು ಓದಿದ್ದಾರೆ. ಅದರ ಆತ್ಮಿಕಾರ್ಥವನ್ನು ವಿವರಿಸುವುದು ಈ ಲೇಖನದ ಕೆಲಸವಲ್ಲ. ಆದರೆ ಆ ದೃಷ್ಟಾಂತವನ್ನು ಕೇಳಿದ ಗಲಿಲಾಯದ ಜನರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ತೇಪೆ ಹಚ್ಚುವುದು ಅವರ ದಿನನಿತ್ಯದ ಕೆಲಸವಾಗಿದ್ದಿತು. ಕುಗ್ಗುವ ಬಟ್ಟೆಯನ್ನೂ ಕುಗ್ಗದ ಬಟ್ಟೆಯನ್ನೂ ಕೂಡಿಸುವ ಕಷ್ಟವು ಅಂಟುಬಲೆ ಹುಟ್ಟುವುದಕ್ಕೆ ಬಹುಕಾಲ ಮೊದಲಿನದು.

ಎರಡನೆಯ ಕಾರಣವು ಎಳೆಯ ದಿಕ್ಕು. ಬಟ್ಟೆಯು ಹಾಸಿನ ದಿಕ್ಕಿನಲ್ಲಿ ಬಿಗಿ, ಹೊಕ್ಕಿನ ದಿಕ್ಕಿನಲ್ಲಿ ಸ್ವಲ್ಪ ಸಡಿಲು, ಓರೆಯಾಗಿ ಎಳೆದರೆ ರಬ್ಬರಿನಂತೆ ಹಿಗ್ಗುವುದು. ಹೂವಿನ ಎಸಳು ಓರೆಯಲ್ಲಿ ಕತ್ತರಿಸಿದ್ದಾದರೆ, ಅಂಟಿಸುವಾಗ ಕೈಯಿಂದ ತುಸು ಎಳೆದರೂ ಅದು ಹಿಗ್ಗಿದ ಸ್ಥಿತಿಯಲ್ಲಿಯೇ ಅಂಟಿಕೊಳ್ಳುತ್ತದೆ. ಆಮೇಲೆ ಹಿಂದಕ್ಕೆ ಸರಿಯಲು ಹವಣಿಸಿ ಕೆಳಗಿನ ಬಟ್ಟೆಯನ್ನೂ ಮುದುರಿಸುತ್ತದೆ. ಮೂರನೆಯದು ಇಸ್ತ್ರಿಯನ್ನು ಜಾರಿಸುವ ಅಭ್ಯಾಸ. ಅಂಗಿಗೆ ಇಸ್ತ್ರಿ ಮಾಡುವಾಗ ಪೆಟ್ಟಿಗೆಯನ್ನು ಹಿಂದಕ್ಕೂ ಮುಂದಕ್ಕೂ ಆಡಿಸುತ್ತೇವೆ. ಅಂಟಿಸುವಾಗ ಹಾಗೆ ಮಾಡಿದರೆ ಕರಗಿದ ಅಂಟಿನ ಮೇಲೆ ಬಟ್ಟೆಯು ತೇಲಿ ಮುಂದಕ್ಕೆ ಸರಿದು ಮಡಿಕೆ ಬೀಳುತ್ತದೆ. ಇಲ್ಲಿ ಪೆಟ್ಟಿಗೆಯನ್ನು ಇಡಬೇಕು, ಒತ್ತಬೇಕು, ಎತ್ತಬೇಕು, ಪಕ್ಕಕ್ಕೆ ಇಡಬೇಕು, ತಳ್ಳಬಾರದು. ನಾಲ್ಕನೆಯದು ಅತಿಯಾದ ಬಿಸಿ. ಇಸ್ತ್ರಿಯ ಪೆಟ್ಟಿಗೆಯ ಮೇಲಿನ ಒಂದು ಚುಕ್ಕಿಯು ಸುಮಾರು 110 ಡಿಗ್ರಿ, ಎರಡು ಚುಕ್ಕಿಯು 150, ಮೂರು ಚುಕ್ಕಿಯು 200 ಡಿಗ್ರಿ ಸೆಲ್ಸಿಯಸನ್ನು ಸೂಚಿಸುತ್ತವೆ. ಮನೆಯಲ್ಲಿ ಬಳಸುವ ಅಂಟುಬಟ್ಟೆಗಳಲ್ಲಿ ಹೆಚ್ಚಿನವು ಎರಡು ಚುಕ್ಕಿಯೊಳಗೇ ಕರಗುವಂಥವು. ಮೂರು ಚುಕ್ಕಿಗೆ ತಿರುಗಿಸಿದರೆ ಅಂಟು ತೆಳ್ಳಗಾಗಿ ಬಟ್ಟೆಯೊಳಕ್ಕೆ ಇಂಗಿಹೋಗಿ, ಎರಡು ಮೈಗಳ ನಡುವೆ ಹಿಡಿದಿಡಲು ಏನೂ ಉಳಿಯುವುದಿಲ್ಲ. ಹೆಚ್ಚು ಬಿಸಿಯಿಂದ ಹೆಚ್ಚು ಗಟ್ಟಿಯಾಗುವುದೆಂಬುದು ತಪ್ಪು ತಿಳಿವಳಿಕೆ.

ಇನ್ನು ಪರಿಹಾರವನ್ನು ಕುರಿತು. ಈ ಅಂಟಿನಲ್ಲಿ ಒಂದು ಒಳ್ಳೆಯ ಗುಣವುಂಟು. ಅದನ್ನು ಪ್ರತಿಯೊಬ್ಬ ಹುಡುಗಿಯೂ ತಿಳಿದಿರಬೇಕು. ಬಿಸಿಯಿಂದ ಕರಗಿದ್ದು ತಣ್ಣಗಾಗಿ ಗಟ್ಟಿಯಾಗುತ್ತದೆ. ಮತ್ತೆ ಬಿಸಿಮಾಡಿದರೆ ಮೇಣದಂತೆ ಮತ್ತೆ ಮೆತ್ತಗಾಗುತ್ತದೆ. ಆದಕಾರಣ ಬಿದ್ದ ಸುಕ್ಕು ಶಾಶ್ವತವಲ್ಲ. ಒತ್ತಿ ಒತ್ತಿ ಅಂಟನ್ನು ಸುಟ್ಟುಹಾಕದಿದ್ದರೆ ಎತ್ತುವುದಕ್ಕೆ ಅವಕಾಶವಿದ್ದೇ ಇದೆ. ಆದುದರಿಂದಲೇ ಮೊದಲನೆಯ ಸುಕ್ಕನ್ನು ಕಂಡೊಡನೆ ಕೈ ನಿಲ್ಲಿಸಬೇಕೆಂದು ನಾವು ಒತ್ತಾಯಪಡಿಸುತ್ತೇವೆ.

ಸುಕ್ಕುಗಳಲ್ಲಿ ಮೂರು ಜಾತಿಗಳನ್ನು ಗುರುತಿಸಬಹುದು. ಮೊದಲನೆಯದು ಮಡಿಕೆ: ಬಟ್ಟೆಯು ತನ್ನ ಮೇಲೆ ತಾನೇ ಮಡಚಿಕೊಂಡು ಅಂಟಿದ್ದು. ಇದಕ್ಕೆ ತೆಳುವಾದ ಹತ್ತಿಬಟ್ಟೆಯನ್ನು ಮೇಲೆ ಹೊದಿಸಿ, ಸುಮಾರು ಹತ್ತು ಸೆಕೆಂಡು ಪೆಟ್ಟಿಗೆಯನ್ನಿಟ್ಟು, ಬೆಚ್ಚಗಿರುವಾಗಲೇ ಹತ್ತಿರದ ಅಂಚಿನಿಂದ ಎಳೆಯ ದಿಕ್ಕನ್ನು ಹಿಡಿದು ಮೆಲ್ಲನೆ ಬಿಡಿಸಬೇಕು. ಬಿಡದಿದ್ದರೆ ಜಗ್ಗಬಾರದು, ಮತ್ತೊಮ್ಮೆ ಬಿಸಿಮಾಡಬೇಕು. ಬಿಡಿಸಿದ ತುಂಡನ್ನು ಕೈಯಿಂದ ನೇರಮಾಡಿ, ನಡುವಿನಿಂದ ಅಂಚಿನ ಕಡೆಗೆ ಪುನಃ ಅಂಟಿಸುತ್ತಾ ಬರಬೇಕು. ಅಂಟು ಸವೆದಿದ್ದರೆ ಅಂಟುಬಲೆಯ ಸಣ್ಣ ಚೂರನ್ನು ಒಳಗೆ ಸೇರಿಸಬಹುದು. ಸುತ್ತಲೂ ಹೊಲಿಗೆ ಮುಗಿದಿದ್ದರೆ ಆ ಬದಿಯ ಹೊಲಿಗೆಯನ್ನು ಬಿಚ್ಚುವುದಕ್ಕೆ ಬೇಸರಪಡಬಾರದು.

ಎರಡನೆಯದು ಗುಳ್ಳೆ: ಅಂಟು ಸರಿಯಾಗಿ ಹಿಡಿಯದೆ ಬಟ್ಟೆಯು ಉಬ್ಬಿನಿಂತದ್ದು. ಇದಕ್ಕೆ ಒದ್ದೆಮಾಡಿ ಹಿಂಡಿದ ಬಟ್ಟೆಯನ್ನು ಹೊದಿಸಿ ಹತ್ತು ಹದಿನೈದು ಸೆಕೆಂಡು ಒತ್ತಬೇಕು. ನೀರು ಹತ್ತಿಯ ಎಳೆಯೊಳಗಿನ ಕಣಗಳ ಹಿಡಿತವನ್ನು ಸಡಿಲಿಸುವುದರಿಂದ ಬಟ್ಟೆಯು ಹೇಳಿದ ಮಾತನ್ನು ಕೇಳುತ್ತದೆ. ಆವಿಯು ಬಿಸಿಯನ್ನು ಒಳಕ್ಕೆ ಒಯ್ಯುತ್ತದೆ. ಪೆಟ್ಟಿಗೆಯನ್ನೆತ್ತಿದ ಮೇಲೆ ಆ ಸ್ಥಳದ ಮೇಲೆ ಒಂದು ಮಣೆಯನ್ನೋ ದಪ್ಪ ಪುಸ್ತಕವನ್ನೋ ಇಟ್ಟು ಪೂರ್ತಿ ತಣ್ಣಗಾಗುವ ತನಕ ಅಲುಗಿಸದೆ ಬಿಡಬೇಕು. ಅಂಟು ಹಿಡಿಯುವುದು ಬಿಸಿಯಲ್ಲಿ ಅಲ್ಲ, ತಣ್ಣಗಾಗುವಾಗ. ಬಿಸಿಯಿದ್ದಾಗಲೇ ಎತ್ತಿ ನೋಡುವ ಆತುರದಿಂದಲೇ ಎಷ್ಟೋ ಗುಳ್ಳೆಗಳು ಮರಳಿ ಏಳುತ್ತವೆ. ನಮ್ಮ ಊರುಗಳ ಕೊಳವೆಬಾವಿಯ ಗಡಸು ನೀರನ್ನು ಆವಿಯ ಇಸ್ತ್ರಿಯೊಳಕ್ಕೆ ತುಂಬಿದರೆ ಅದರ ರಂಧ್ರಗಳಲ್ಲಿ ಸುಣ್ಣ ಕಟ್ಟಿ ಬಟ್ಟೆಯ ಮೇಲೆ ಕಲೆ ಬೀಳುವುದುಂಟು. ಒದ್ದೆಬಟ್ಟೆಯ ಕ್ರಮವೇ ನಮಗೆ ಅನುಕೂಲ. ರೇಷ್ಮೆ, ಜರಿ, ನೈಲಾನು ಇರುವ ಸೀರೆಯ ತುಂಡಾದರೆ ಮೊದಲು ಒಂದು ಮೂಲೆಯಲ್ಲಿ ಪರೀಕ್ಷಿಸಿಕೊಳ್ಳಬೇಕು.

ಮೂರನೆಯದು ನಿರಿಗೆ: ಒಂದು ಪದರ ಕುಗ್ಗಿ ಇನ್ನೊಂದು ಕುಗ್ಗದೆ, ತುಂಡಿನ ಮೇಲೆಲ್ಲಾ ಸಣ್ಣ ಅಲೆಗಳು ಬಿದ್ದದ್ದು. ಇದು ಎಲ್ಲಕ್ಕಿಂತ ಕಠಿಣವಾದದ್ದು. ತುಂಡು ಸಣ್ಣದಾದರೆ ಪೂರ್ತಿ ಎತ್ತಿ, ಎರಡನ್ನೂ ಆವಿಯಿಂದ ಕುಗ್ಗಿಸಿ, ಹೆಚ್ಚಾದ ಅಂಚನ್ನು ಕತ್ತರಿಸಿ, ಹೊಸದಾಗಿ ಅಂಟಿಸಬೇಕು. ದೊಡ್ಡದಾಗಿ ಎತ್ತಲು ಅಸಾಧ್ಯವಾದರೆ ಇಸ್ತ್ರಿಯನ್ನು ಪಕ್ಕಕ್ಕಿಟ್ಟು ಸೂಜಿಯನ್ನು ಕೈಗೆತ್ತಿಕೊಳ್ಳಬೇಕು. ನಡುವಿನಿಂದ ಪ್ರಾರಂಭಿಸಿ, ಒಂದು ಬೆರಳಿನ ಅಂತರದ ಸಾಲುಗಳಲ್ಲಿ ಹೊಲಿಯುತ್ತಾ, ಹೆಚ್ಚಾದ ಬಟ್ಟೆಯನ್ನು ಪ್ರತಿ ಸಾಲಿಗೂ ಸ್ವಲ್ಪ ಸ್ವಲ್ಪವಾಗಿ ಹಂಚಿಬಿಟ್ಟರೆ ಒಂದೇ ಕಡೆಯಲ್ಲಿ ಕೂಡಿದ್ದ ಸುಕ್ಕು ಎಲ್ಲೆಡೆಯ ಮೃದುವಾದ ಏರಿಳಿತವಾಗುತ್ತದೆ. ಇದು ಮರೆಮಾಡುವುದಲ್ಲ. ಹೆಚ್ಚಾದದ್ದಕ್ಕೆ ಸ್ಥಳ ಕೊಡುವುದು.

ಕೌದಿ ಹೊಲಿಯುವ ಅಜ್ಜಿಯರು ಅಂಟನ್ನು ಕಾಣದವರಾದರೂ ಈ ವಿದ್ಯೆಯನ್ನೆಲ್ಲಾ ಬಲ್ಲವರು. ಅವರು ತೆಗೆದುಕೊಳ್ಳುವುದು ನೂರಾರು ಸಲ ಒಗೆದ ಬಟ್ಟೆ. ಅದು ಇನ್ನು ಕುಗ್ಗುವ ಭಯವಿಲ್ಲ. ನೆಲದ ಮೇಲೆ ಹಾಸಿ ಅಂಗೈಯಿಂದ ಸವರಿ, ಮೊದಲು ಕಚ್ಚಾ ಹೊಲಿಗೆ ಹಾಕಿ, ಆಮೇಲೆ ಸಾಲು ಹಿಡಿಯುತ್ತಾರೆ. ಸುಕ್ಕು ಎದ್ದರೆ ಆ ಸಾಲಿನಲ್ಲಿಯೇ ತಿದ್ದಿ ಮುಂದಕ್ಕೆ ಹೋಗುತ್ತಾರೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಸೀಮೆಯ ಸಿದ್ದಿ ಹೆಂಗಸರು ಕವಂದಿಯನ್ನು ಹೊಲಿಯುವ ಕ್ರಮವು ಇನ್ನೂ ವಿಚಿತ್ರವಾದದ್ದು. ಅವರು ಮೂಲೆಯಿಂದಲೂ ಅಂಚಿನಿಂದಲೂ ಪ್ರಾರಂಭಿಸಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ಪ್ರತಿಯೊಂದು ತುಂಡಿನ ಅಂಚನ್ನು ಮಡಚಿ, ಸವರಿ, ಹೊಲಿದ ಮೇಲೆಯೇ ಮುಂದಿನ ತುಂಡು. ಕೊನೆಗೆ ಮೂಲೆಗಳಲ್ಲಿ ಮಡಚಿದ ತ್ರಿಕೋನದ ಹೂವಿಡದೆ ಕೆಲಸವು ಸಂಪೂರ್ಣವಾಯಿತೆಂದು ಅವರು ಎಣಿಸುವುದಿಲ್ಲ. ನಡುವಿನಿಂದ ಅಂಚಿಗೆ ಹೋಗಬೇಕೆಂದು ನಾವು ಮೇಲೆ ಹೇಳಿದೆವಲ್ಲಾ, ಇವರು ಅಂಚಿನಿಂದ ನಡುವಿಗೆ ಬಂದರೂ ಸುಕ್ಕಿಲ್ಲದೆ ಹೊಲಿಯುವುದು ಹೇಗೆ? ಅಂಟು ಒಂದು ದೊಡ್ಡ ತುಂಡನ್ನು ಒಂದೇ ಸಲಕ್ಕೆ ಹಿಡಿಯುತ್ತದೆ, ಆದುದರಿಂದ ದಿಕ್ಕು ಬೇಕು. ಸೂಜಿಯು ಒಂದೊಂದು ಬೆರಳಿನಷ್ಟನ್ನೇ ಹಿಡಿಯುತ್ತದೆ, ಆದುದರಿಂದ ಪ್ರತಿ ಹೆಜ್ಜೆಗೂ ತಿದ್ದುಪಡಿಗೆ ಅವಕಾಶವಿರುತ್ತದೆ.

ನಮ್ಮ ಜಿಲ್ಲೆಯ ಸಂಡೂರಿನ ಲಂಬಾಣಿ ಹೆಂಗಸರ ಕಸೂತಿಯನ್ನೂ ಇಲ್ಲಿ ನೆನೆಯದೆ ಇರಲಾಗದು. ತುಂಡುಬಟ್ಟೆಯ ಜೋಡಣೆ, ಕನ್ನಡಿ, ಸಾಲು ಹೊಲಿಗೆ ಇವುಗಳಿಂದ ಕೂಡಿದ ಆ ಕೆಲಸಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. 2023ರ ಜುಲೈ ತಿಂಗಳಲ್ಲಿ ಹಂಪಿಯಲ್ಲಿ ಜಿ-20 ರಾಷ್ಟ್ರಗಳ ಸಂಸ್ಕೃತಿ ಕಾರ್ಯಗುಂಪಿನ ಸಭೆ ಕೂಡಿದಾಗ, 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ಮಾಡಿದ 1,755 ಕಸೂತಿಯ ವಸ್ತುಗಳ ಪ್ರದರ್ಶನವು ಗಿನ್ನೆಸ್ ದಾಖಲೆಯನ್ನು ಪಡೆಯಿತು. ತುಂಡುಬಟ್ಟೆಯ ಕೆಲಸವೆಂದರೆ ಬಡತನದ ಕುರುಹೆಂದು ನಾಚುವವರು ಈ ಸಂಗತಿಯನ್ನು ಮನಸ್ಸಿನಲ್ಲಿಡಲಿ.

ಈಗ ನಮ್ಮ ಅಭಿಪ್ರಾಯಕ್ಕೆ ಬರುವ ಆಕ್ಷೇಪಣೆಗಳನ್ನು ವಿಚಾರಿಸೋಣ. ಹಳೆಯ ಪದ್ಧತಿಯನ್ನು ಮೆಚ್ಚುವ ಕೆಲವರು, ಹಾಗಾದರೆ ಅಂಟನ್ನು ಶಾಲೆಯೊಳಕ್ಕೆ ಬಿಡುವುದೇ ಬೇಡವೆನ್ನುತ್ತಾರೆ. ಇದನ್ನು ನಾವು ಒಪ್ಪಲಾರೆವು. ಬಳ್ಳಾರಿಯು ಇಂದು ಜೀನ್ಸ್ ಉಡುಪಿನ ಹೊಲಿಗೆಗೆ ನಾಡಿನಲ್ಲೆಲ್ಲಾ ಹೆಸರಾದ ಊರು. ಹೊಲಿಗೆಯ ಘಟಕಗಳಲ್ಲಿಯೂ ಮನೆಯ ಜಗಲಿಯ ಯಂತ್ರದ ಮುಂದೆಯೂ ಕೂತು ಸಂಸಾರ ಸಾಗಿಸುವ ತಾಯಂದಿರು ನಮ್ಮ ಪೋಷಕರಲ್ಲಿಯೇ ಇದ್ದಾರೆ. ಕಾಲರು, ಕಫ್, ಸೊಂಟಪಟ್ಟಿ ಇವುಗಳಲ್ಲಿ ಅಂಟುಬಟ್ಟೆಯ ಬಳಕೆ ತಪ್ಪದು. ಒಗೆದ ಮೇಲೆ ಗುಳ್ಳೆಯೇಳುವ ಕಾಲರನ್ನು ಕೊಂಡವನು ಹಿಂದಕ್ಕೆ ತರುತ್ತಾನೆ. ತುಂಡಿಗೆ ಇಷ್ಟೆಂದು ಕೂಲಿ ಪಡೆಯುವವಳಿಗೆ ಮರಳಿ ಬಂದ ತುಂಡೆಂದರೆ ಕೈತಪ್ಪಿದ ಕೂಲಿ. ಸುಕ್ಕಿನ ಕಾರಣವನ್ನು ಬಲ್ಲ ಹುಡುಗಿಯು ನಾಳೆ ಆ ನಷ್ಟದಿಂದ ಪಾರಾಗುವಳು. ಆದುದರಿಂದ ಅಂಟನ್ನು ಕಲಿಸೋಣ. ಆದರೆ ಅದರ ಗುಣದೋಷಗಳೆರಡನ್ನೂ ಕಲಿಸೋಣ.

ಇನ್ನು ಕೆಲವು ಪೋಷಕರು, ಎಸ್.ಎಸ್.ಎಲ್.ಸಿ. ಪರೀಕ್ಷೆಯು ಹತ್ತಿರವಿರುವಾಗ ಸುಕ್ಕು ಬಿಡಿಸುತ್ತಾ ಕೂರುವುದು ಕಾಲಹರಣವಲ್ಲವೇ ಎಂದು ಕೇಳುತ್ತಾರೆ. ಗಣಿತದಲ್ಲಿ ಉತ್ತರವು ತಪ್ಪಿದಾಗ ಎಲ್ಲಿ ತಪ್ಪಿತೆಂದು ಹೆಜ್ಜೆ ಹೆಜ್ಜೆಯಾಗಿ ಹಿಂದಕ್ಕೆ ಹೋಗಿ ಹುಡುಕುವುದೇ ಸರಿಯಾದ ಕ್ರಮ. ಅಳಿಸಿ ಪಕ್ಕದವಳ ಉತ್ತರವನ್ನು ಬರೆಯುವುದಲ್ಲ. ಸುಕ್ಕನ್ನೆತ್ತಿ ಇದು ಕುಗ್ಗಿದ್ದರಿಂದಲೋ, ಓರೆಯಿಂದಲೋ, ಜಾರಿಸಿದ್ದರಿಂದಲೋ, ಬಿಸಿಯಿಂದಲೋ ಎಂದು ವಿಚಾರಿಸುವ ಹುಡುಗಿಯು ಅದೇ ಕ್ರಮವನ್ನು ಕೈಯಿಂದ ಕಲಿಯುತ್ತಾಳೆ. ಇದರಲ್ಲಿ ಭೌತಶಾಸ್ತ್ರವೂ ರಸಾಯನಶಾಸ್ತ್ರವೂ ಇದ್ದೇ ಇವೆ. ಲೇಸಿನಿಂದ ಮುಚ್ಚಲು ಕಲಿತವಳು ಮತ್ತೊಂದು ಪಾಠವನ್ನು ಕಲಿಯುತ್ತಾಳೆ. ಕೊರತೆಯು ಕಾಣದಿದ್ದರೆ ಸಾಕೆಂಬ ಆ ಪಾಠವನ್ನು ಕಲಿಸುವುದಕ್ಕಾಗಿ ಯಾವ ತಂದೆತಾಯಿಯೂ ಮಗಳನ್ನು ಶಾಲೆಗೆ ಕಳುಹಿಸುವುದಿಲ್ಲ.

ಎಲ್ಲಕ್ಕಿಂತ ಬಲವಾದ ಆಕ್ಷೇಪಣೆಯು ಒಗೆಯುವುದನ್ನು ಕುರಿತದ್ದು. ಮಗುವು ತಿಂಗಳುಗಟ್ಟಲೆ ಶ್ರಮಪಟ್ಟು ಮಾಡಿದ್ದನ್ನು ಪ್ರದರ್ಶನಕ್ಕೆ ಮೊದಲೇ ನೀರಿಗೆ ಹಾಕಿ ಕೆಡಿಸುವುದು ನಿರ್ದಯವಲ್ಲವೇ ಎಂದು ಕೇಳುವವರಿದ್ದಾರೆ. ಮಗುವಿನ ಮೇಲಿನ ಪ್ರೀತಿಯಿಂದ ಹುಟ್ಟಿದ ಈ ಮಾತನ್ನು ನಾವು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಕೌದಿಯು ಗೋಡೆಯ ಮೇಲಿನ ಪಟವಲ್ಲ. ಅದರ ಮೇಲೆ ಕೂಸು ಮಲಗುವುದು. ಅದು ವಾರಕ್ಕೊಮ್ಮೆ ಕಲ್ಲಿನ ಮೇಲೆ ಬಡಿಸಿಕೊಂಡು ಬಿಸಿಲಿಗೆ ಒಣಗುವಂಥಾದ್ದು. ಒಂದು ಒಗೆತದಲ್ಲಿ ಕೆಡುವ ಕೌದಿಯು ಕೆಟ್ಟದ್ದು ಒಗೆತದಿಂದಲ್ಲ, ಮೊದಲೇ ಕೆಟ್ಟಿದ್ದಿತು. ಅದನ್ನು ಶಾಲೆಯಲ್ಲಿ ತಿಳಿಯುವುದು ಮನೆಯಲ್ಲಿ ತಿಳಿಯುವುದಕ್ಕಿಂತ ಒಳ್ಳೆಯದು. ಇಲ್ಲಿ ತಿದ್ದಿಕೊಡುವ ಉಪಾಧ್ಯಾಯಿನಿಯಿದ್ದಾಳೆ, ಸಮಯವೂ ಇದೆ. ಬಣ್ಣ ಬಿಡುವ ಭಯವಿದ್ದರೆ, ಒದ್ದೆಯಾದ ಬಿಳಿಬಟ್ಟೆಯನ್ನು ಪ್ರತಿ ತುಂಡಿನ ಮೇಲೂ ಉಜ್ಜಿ ನೋಡಿ, ಬಣ್ಣ ಬಿಡುವುದನ್ನು ಜೋಡಿಸುವ ಮೊದಲೇ ಬೇರೆಯಾಗಿ ಒಗೆದುಕೊಳ್ಳಬಹುದು.

ಈ ವಿಷಯದಲ್ಲಿ ನ್ಯಾಯದ ಪ್ರಶ್ನೆಯೂ ಅಡಗಿದೆ. ನಮ್ಮ ಮನಸ್ಸಿಗೆ ಎಲ್ಲಕ್ಕಿಂತ ನಾಟಿರುವುದು ಅದೇ. ಸಿರುಗುಪ್ಪದ ಕಡೆಯ ಕೂಲಿಯವರ ಮಗಳೊಬ್ಬಳು, ಕುರುಗೋಡಿನ ಕಡೆಯಿಂದ ಬಸ್ಸಿನಲ್ಲಿ ಬರುವ ಹುಡುಗಿಯೊಬ್ಬಳು, ಅಂಟುಬಲೆಯನ್ನೂ ಹೊಸ ಬಟ್ಟೆಯನ್ನೂ ಕೊಳ್ಳಲಾರದೆ ಮನೆಯ ಹಳೆಯ ಸೀರೆಯಿಂದಲೇ ಕೌದಿ ಮಾಡಿ ತರುವಳು. ಪ್ರದರ್ಶನದ ದೀಪದ ಕೆಳಗೆ ಅದು ಮಾಸಲು. ಪಕ್ಕದಲ್ಲಿ ಹೊಸ ಬಟ್ಟೆಯ, ಅಂಟಿಸಿದ ಹೂಗಳ, ಅಂಗಡಿಯಲ್ಲಿ ಒಪ್ಪಗೊಂಡ ಕೌದಿಯು ಹೊಳೆಯುತ್ತದೆ. ನೋಡುವವರ ಕಣ್ಣು ಎತ್ತ ಹೋಗುವುದೆಂದು ಹೇಳಬೇಕಾದದ್ದಿಲ್ಲ. ಎರಡನ್ನೂ ಒಗೆದು ಬಿಸಿಲಿಗೆ ಹಾಕಿದರೆ? ಹಳೆಯ ಸೀರೆಯ ಕೌದಿಯು ಹೋದಂತೆಯೇ ಹಿಂತಿರುಗುವುದು. ಹೊಸದು, ಅದರ ಒಡತಿಯು ಬಟ್ಟೆಯನ್ನು ಮೊದಲೇ ನೆನಸಿ, ಅಂಟಿಸಿದ ಅಂಚಿಗೆ ಹೊಲಿಗೆ ಹಾಕಿದ್ದರೆ, ಅದೂ ಹಾಗೆಯೇ ಹಿಂತಿರುಗುವುದು. ಇಲ್ಲದಿದ್ದರೆ ಹೂವುಗಳು ಮುದುರುವುವು. ನೀರಿಗೆ ಬಡವರ ಬಟ್ಟೆ, ಬಲ್ಲಿದರ ಬಟ್ಟೆಯೆಂಬ ಭೇದ ತಿಳಿಯದು. ತೀರ್ಪುಗಾರರಲ್ಲಿ ಅದಕ್ಕಿಂತ ನಿಷ್ಪಕ್ಷಪಾತಿಯನ್ನು ನಾವು ಎಲ್ಲಿಂದ ತರೋಣ?

ಆದಕಾರಣ ಮುಂದಿನ ಪ್ರದರ್ಶನಕ್ಕೆ ಈ ನಿಯಮಗಳನ್ನು ಇಡಬೇಕೆಂಬುದು ನಮ್ಮ ಅಭಿಪ್ರಾಯ. ಹೊಸ ಬಟ್ಟೆ ಯಾವುದನ್ನೇ ಆಗಲಿ ಒಂದು ರಾತ್ರಿ ನೆನಸಿ ಒಣಗಿಸಿದ ಮೇಲೆಯೇ ಕತ್ತರಿಸತಕ್ಕದ್ದು. ಅಂಟಿಸಿದ ಪ್ರತಿಯೊಂದು ತುಂಡಿನ ಅಂಚಿಗೂ ಸೂಜಿಯ ಹೊಲಿಗೆ ಇರತಕ್ಕದ್ದು. ಅಂಟು ಹೊಲಿಗೆಗೆ ಸಹಾಯಕ್ಕೆ ಬರಲಿ, ಅದರ ಬದಲಿಗೆ ಅಲ್ಲ. ಎಲ್ಲಾ ಕೌದಿಗಳನ್ನೂ ಪ್ರದರ್ಶನಕ್ಕೆ ಒಂದು ವಾರ ಮುಂಚೆ ಶಾಲೆಯಲ್ಲಿಯೇ, ಹುಡುಗಿಯರ ಕೈಯಿಂದಲೇ, ಒಂದು ಸಲ ಒಗೆಸತಕ್ಕದ್ದು. ಒಗೆದ ಮೇಲೆ ಎದ್ದ ಸುಕ್ಕನ್ನು ಆ ವಾರದೊಳಗೆ ಎತ್ತಿ ತಿದ್ದಲು ಪ್ರತಿಯೊಬ್ಬಳಿಗೂ ಅವಕಾಶವಿರಲಿ. ಹಾಗೆ ತಿದ್ದಿದವಳು ಸುಕ್ಕಿನ ಕಾರಣವನ್ನು ಬಾಯಿಂದ ವಿವರಿಸಬಲ್ಲಳಾದರೆ ಅವಳಿಗೆ ಅಂಕಗಳನ್ನು ಕಡಮೆಮಾಡದೆ ಹೆಚ್ಚಿಸತಕ್ಕದ್ದು. ಒಂದು ಸುಕ್ಕೂ ಬೀಳದ ಕೆಲಸಕ್ಕಿಂತ ಬಿದ್ದದ್ದನ್ನು ತಿಳಿದು ಎತ್ತಿದ ಕೆಲಸವು ಕಲಿಕೆಯ ದೃಷ್ಟಿಯಿಂದ ಹೆಚ್ಚಿನದೆಂದು ನಾವು ನಂಬುತ್ತೇವೆ.

ಪೋಷಕರಲ್ಲಿ ನಮ್ಮ ವಿನಂತಿ ಇಷ್ಟೇ. ಮಗಳ ಕೌದಿಯನ್ನು ಅಂಗಡಿಗೆ ಒಯ್ಯಬೇಡಿರಿ. ಅವಳು ಸುಕ್ಕನ್ನು ತೋರಿಸಿ ಅತ್ತರೆ, ಮನೆಯಲ್ಲಿ ಅಜ್ಜಿಯಿದ್ದರೆ ಅಜ್ಜಿಯ ಹತ್ತಿರಕ್ಕೆ ಕಳುಹಿಸಿರಿ. ಇಬ್ಬರೂ ಕೂತು ಬಿಚ್ಚಲಿ. ಬಿಚ್ಚುವುದರಲ್ಲಿ ಅವಮಾನವೇನೂ ಇಲ್ಲ. ಹಿರಿಯ ವಿದ್ಯಾರ್ಥಿನಿಯರಲ್ಲಿಯೂ ಒಂದು ಮಾತನ್ನು ಕೇಳಿಕೊಳ್ಳುತ್ತೇವೆ. ನೀವು ಬಳ್ಳಾರಿಯಲ್ಲಿರಲಿ, ಬೆಂಗಳೂರು ಹೈದರಾಬಾದುಗಳಲ್ಲಿರಲಿ, ಉಟ್ಟು ಮೆತ್ತಗಾದ ಹತ್ತಿಸೀರೆಗಳು ಪೆಟ್ಟಿಗೆಯಲ್ಲಿದ್ದರೆ ಶಾಲೆಗೆ ಕಳುಹಿಸಿಕೊಡಿರಿ. ಕುಗ್ಗುವುದನ್ನೆಲ್ಲಾ ಕುಗ್ಗಿ ಮುಗಿಸಿದ ಆ ಬಟ್ಟೆಗಿಂತ ಒಳ್ಳೆಯ ಸಾಮಗ್ರಿಯು ಯಾವ ಅಂಗಡಿಯಲ್ಲಿಯೂ ಸಿಕ್ಕದು. ಕೊಳ್ಳಲಾರದ ಹುಡುಗಿಗೆ ಅದು ಸಹಾಯ, ಕೊಳ್ಳಬಲ್ಲವಳಿಗೆ ಪಾಠ. ಒಗೆಯುವ ದಿನ ಬಿಡುವಿದ್ದವರು ಬಂದು ನಮ್ಮೊಂದಿಗೆ ಅಂಗಳದ ಹಗ್ಗಗಳ ಮೇಲೆ ಕೌದಿ ಹರವಲು ಕೈಜೋಡಿಸಿದರೆ, ಬಹುಮಾನವು ಯಾರಿಗೆ ನ್ಯಾಯವೆಂಬುದನ್ನು ಅವರು ತಮ್ಮ ಕಣ್ಣಿನಿಂದಲೇ ನೋಡುವರು.